11 ವರ್ಷದ ಹುಡುಗಿಗೆ ಟೈಪ್ 1 ಮಧುಮೇಹ: ಇನ್ಸುಲಿನ್ ಪ್ರಮಾಣ ಇಳಿದಿದೆ ಎಂದರೆ ಕಾಯಿಲೆ ವಾಸಿಯಾಗುತ್ತಿದೆಯೇ?

ಪ್ರಶ್ನೆ: ಸಿಂಧನೂರಿನ ಸೋದರಮಾವ

ಎಲ್ಲರಿಗೂ ನಮಸ್ಕಾರ. ನಾನು ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವನು. ನನ್ನ ಅಕ್ಕನ ಮಗಳಿಗೆ ಈಗ 11 ವರ್ಷ. ಕಳೆದ ದೀಪಾವಳಿಯ ಸುಮಾರಿಗೆ ಅವಳು ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳತೊಡಗಿದಳು. ತಂಬಿಗೆಗಟ್ಟಲೆ ನೀರು ಕುಡಿದರೂ ಬಾಯಾರಿಕೆ ಎನ್ನುತ್ತಿದ್ದಳು. ಹೊಟ್ಟೆ ತುಂಬ ಉಂಡರೂ ಲಂಗದ ಲಾಡಿಯನ್ನು ಬಿಗಿದು ಬಿಗಿದು ಕಟ್ಟಿಕೊಳ್ಳುವಷ್ಟು ಸೊರಗಿದಳು. ಬೆಳೆಯುವ ವಯಸ್ಸು, ಎತ್ತರಕ್ಕೆ ಹೋಗುತ್ತಿದ್ದಾಳೆ ಎಂದು ಮನೆಯವರು ಸುಮ್ಮನಿದ್ದರು. ಒಂದು ದಿನ ಹೊಟ್ಟೆನೋವು, ವಾಂತಿ ಶುರುವಾದಾಗ ಹತ್ತಿರದ ದವಾಖಾನೆಯಲ್ಲಿ ಗ್ಯಾಸ್ಟ್ರಿಕ್ ಎಂದು ಗುಳಿಗೆ ಕೊಟ್ಟು ಕಳಿಸಿದರು. ಮರುದಿನ ಬೆಳಿಗ್ಗೆ ಹುಡುಗಿ ಓಡಿ ಬಂದವಳಂತೆ ಆಳವಾಗಿ ಏದುಸಿರು ಬಿಡುತ್ತಿದ್ದಳು, ಕರೆದರೆ ಸರಿಯಾಗಿ ಕಣ್ಣು ಬಿಡುತ್ತಿರಲಿಲ್ಲ, ಬಾಯಿಂದ ಕಳಿತ ಹಣ್ಣಿನಂಥ ವಾಸನೆ ಬರುತ್ತಿತ್ತು. ರಾಯಚೂರಿಗೆ ಕರೆದೊಯ್ದಾಗ ರಕ್ತದ ಸಕ್ಕರೆ 500ರ ಮೇಲಿತ್ತು. ಐಸಿಯುನಲ್ಲಿ ಇಟ್ಟು ಉಳಿಸಿದರು. ಟೈಪ್ 1 ಮಧುಮೇಹ, ಇನ್ನು ಮುಂದೆ ದಿನಾಲೂ ಇನ್ಸುಲಿನ್ ಬೇಕು ಎಂದು ಹೇಳಿ ಕಳಿಸಿದ್ದಾರೆ.

ಈಗ ಗೊಂದಲ ಬೇರೆಯೇ ಆಗಿದೆ. ಆಸ್ಪತ್ರೆಯಿಂದ ಬರುವಾಗ ದಿನಕ್ಕೆ ಒಟ್ಟು 26 ಯುನಿಟ್ ಇದ್ದುದನ್ನು ವೈದ್ಯರು ಸ್ವಲ್ಪ ಸ್ವಲ್ಪವೇ ಇಳಿಸುತ್ತ ಬಂದು ಈಗ 9ಕ್ಕೆ ತಂದಿದ್ದಾರೆ. ಸಕ್ಕರೆಯೂ ಹದದಲ್ಲಿದೆ, ಹುಡುಗಿ ಮೈ ತುಂಬಿಕೊಂಡಿದ್ದಾಳೆ. ಇದನ್ನು ನೋಡಿದ ಬಂಧುಗಳು, ಕಾಯಿಲೆ ಹೋಗಿದೆ, ಹೆಣ್ಣು ಹುಡುಗಿಗೆ ಸೂಜಿಯ ಚಟ ಹಿಡಿಸಬೇಡಿ, ನಾಟಿ ಔಷಧಿ ಕೊಡುವವರೊಬ್ಬರಿದ್ದಾರೆ, ಅವರು ಮೊದಲು ಇನ್ಸುಲಿನ್ ಬಿಡಿಸಿಯೇ ಔಷಧಿ ಶುರುಮಾಡುತ್ತಾರೆ ಎನ್ನುತ್ತಿದ್ದಾರೆ. ಅಕ್ಕ ಅರ್ಧ ಮನಸ್ಸು ಮಾಡಿದ್ದಾಳೆ. ಭಾವ ಏನೂ ಮಾತಾಡುತ್ತಿಲ್ಲ. ನಮ್ಮ ಎರಡೂ ಮನೆತನಗಳಲ್ಲಿ ಯಾರಿಗೂ ಈ ವಯಸ್ಸಿನಲ್ಲಿ ಶುಗರ್ ಬಂದದ್ದಿಲ್ಲ. ಹಾಗಾದರೆ ಇದು ಎಲ್ಲಿಂದ ಬಂತು, ದೇಹದ ಒಳಗೆ ನಿಜವಾಗಿ ಏನಾಗಿದೆ, ಪ್ರಮಾಣ ಇಳಿದದ್ದರ ಅರ್ಥವೇನು? ತಿಳಿದವರು ಅಕ್ಕನಿಗೆ ಓದಿ ಹೇಳಬಹುದಾದ ರೀತಿಯಲ್ಲಿ ಬರೆದರೆ ಉಪಕಾರವಾಗುತ್ತದೆ.

ಉತ್ತರ: ಮಾನ್ವಿ ಕಡೆಯ ಮಕ್ಕಳ ವೈದ್ಯ

ಮೊದಲು ಮುಖ್ಯವಾದುದನ್ನು ಹೇಳಿಬಿಡುತ್ತೇನೆ. ಯಾರೇ ಹೇಳಿದರೂ, ಎಷ್ಟೇ ಹಿರಿಯರು ಹೇಳಿದರೂ, ಇನ್ಸುಲಿನ್ ನಿಲ್ಲಿಸಬೇಡಿ. ಪ್ರಮಾಣ ಇಳಿದಿರುವುದು ಕಾಯಿಲೆ ವಾಸಿಯಾದ ಲಕ್ಷಣವಲ್ಲ. ಏಕೆ ಎಂಬುದು ಅರ್ಥವಾಗಬೇಕಾದರೆ ಒಳಗೆ ಏನಾಗಿದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕಾಗುತ್ತದೆ.

ಹೊಟ್ಟೆಯ ಹಿಂಭಾಗದಲ್ಲಿ ಅಡ್ಡವಾಗಿ ಮಲಗಿರುವ ಮೇದೋಜೀರಕ ಗ್ರಂಥಿಯಲ್ಲಿ ಅಲ್ಲಲ್ಲಿ ಪುಟ್ಟ ಪುಟ್ಟ ಜೀವಕೋಶಗಳ ಗುಂಪುಗಳಿವೆ. 1869ರಲ್ಲಿ ಪೌಲ್ ಲಾಂಗರ್‌ಹಾನ್ಸ್ ಎಂಬ ಜರ್ಮನ್ ವೈದ್ಯವಿದ್ಯಾರ್ಥಿ ಇವುಗಳನ್ನು ಮೊದಲು ಗುರುತಿಸಿದ. ಈ ಗುಂಪುಗಳೊಳಗಿನ ಬೀಟಾ ಜೀವಕೋಶಗಳೇ ಇನ್ಸುಲಿನ್ ತಯಾರಿಸುತ್ತವೆ. ಹೊರಗಿನಿಂದ ಬರುವ ರೋಗಾಣುಗಳನ್ನು ಕೊಲ್ಲಬೇಕಾದ ನಮ್ಮದೇ ರೋಗನಿರೋಧಕ ವ್ಯವಸ್ಥೆಯು ಈ ಜೀವಕೋಶಗಳನ್ನು ಪರಕೀಯವೆಂದು ಭಾವಿಸಿ ನಾಶಮಾಡಿದಾಗ ಉಂಟಾಗುವುದೇ ಟೈಪ್ 1 ಮಧುಮೇಹ. ಈ ನಾಶವು ಒಂದು ದಿನದಲ್ಲಿ ನಡೆದದ್ದಲ್ಲ. ತಿಂಗಳುಗಳಿಂದ, ಕೆಲವರಲ್ಲಿ ವರ್ಷಗಳಿಂದ ಸದ್ದಿಲ್ಲದೆ ನಡೆಯುತ್ತ ಬಂದು, ಬಹುಪಾಲು ಜೀವಕೋಶಗಳು ಕೆಲಸ ನಿಲ್ಲಿಸಿದ ಮೇಲೆ ಮಾತ್ರ ಲಕ್ಷಣಗಳು ಹೊರಗೆ ಕಾಣಿಸುತ್ತವೆ. ಸಕ್ಕರೆ ತಿಂದದ್ದಕ್ಕಾಗಲಿ, ತಾಯಿ ಗರ್ಭಿಣಿಯಾಗಿದ್ದಾಗ ಏನನ್ನೋ ಉಂಡದ್ದಕ್ಕಾಗಲಿ, ಯಾರದೋ ದೃಷ್ಟಿ ತಾಕಿದ್ದಕ್ಕಾಗಲಿ ಇದು ಬರುವುದಿಲ್ಲ. ಹುಟ್ಟಿನಿಂದ ಬಂದ ಕೆಲವು ವಂಶವಾಹಿಗಳು ನೆಲ ಸಿದ್ಧಮಾಡಿರುತ್ತವೆ. ಅದರ ಮೇಲೆ ಕೆಲವು ವೈರಸ್ ಸೋಂಕುಗಳಂತಹ ಹೊರಗಿನ ಕಾರಣಗಳು ಕಿಡಿ ಹೊತ್ತಿಸಬಹುದೆಂದು ಭಾವಿಸಲಾಗಿದೆ. ಒಂದೇ ರೂಪದ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬಂದೇ ಬರುತ್ತದೆ ಎಂದೇನೂ ಇಲ್ಲ. ಈ ಕಾಯಿಲೆ ಬಂದ ಮಕ್ಕಳಲ್ಲಿ ಹೆಚ್ಚಿನವರ ಹತ್ತಿರದ ಸಂಬಂಧಿಕರಲ್ಲಿ ಯಾರಿಗೂ ಇದು ಇರುವುದಿಲ್ಲ. ಆದ್ದರಿಂದ ಮನೆತನದ ಲೆಕ್ಕ ಹಾಕುತ್ತ, ಇದು ತಾಯಿಯ ಕಡೆಯದೋ ತಂದೆಯ ಕಡೆಯದೋ ಎಂದು ಹುಡುಕುವುದರಿಂದ ಮನೆಯಲ್ಲಿ ಜಗಳವಾಗುತ್ತದೆಯೇ ಹೊರತು ಮತ್ತೇನೂ ಸಿಗುವುದಿಲ್ಲ.

ಇನ್ಸುಲಿನ್ ಇಲ್ಲದಿದ್ದರೆ ಉಂಡ ಅನ್ನ, ರೊಟ್ಟಿ ಎಲ್ಲವೂ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ, ಆದರೆ ಸ್ನಾಯು ಮತ್ತು ಕೊಬ್ಬಿನ ಜೀವಕೋಶಗಳ ಒಳಗೆ ಹೋಗಲಾರದು. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿದ್ದರೂ ತೂಬು ಮುಚ್ಚಿದ್ದರೆ ಪಕ್ಕದ ಗದ್ದೆ ಬಿರುಕು ಬಿಡುತ್ತದಲ್ಲ, ಸ್ಥಿತಿ ಅದೇ. ರಕ್ತದಲ್ಲಿ ಸಕ್ಕರೆ 100 ಮಿಲಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದಾಗ ಮೂತ್ರಪಿಂಡಗಳು ಅದನ್ನು ತಡೆದಿಟ್ಟುಕೊಳ್ಳಲಾರದೆ ಮೂತ್ರಕ್ಕೆ ಬಿಡುತ್ತವೆ. ಸಕ್ಕರೆಯು ತನ್ನೊಂದಿಗೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ನಿಮ್ಮ ಹುಡುಗಿ ರಾತ್ರಿ ಏಳುತ್ತಿದ್ದುದು ಇದಕ್ಕಾಗಿ, ತಂಬಿಗೆಗಟ್ಟಲೆ ಕುಡಿಯುತ್ತಿದ್ದುದು ಹಾಗೆ ಹೋದ ನೀರನ್ನು ತುಂಬಿಕೊಳ್ಳಲು. ಇತ್ತ ಹಸಿದ ದೇಹವು ಕೊಬ್ಬನ್ನೂ ಸ್ನಾಯುವನ್ನೂ ಕರಗಿಸತೊಡಗುತ್ತದೆ, ಆದ್ದರಿಂದ ಉಂಡರೂ ಸೊರಗುತ್ತಾರೆ. ಕೊಬ್ಬು ವಿಪರೀತ ಕರಗಿದಾಗ ಯಕೃತ್ತು ಅದನ್ನು ಕೀಟೋನ್‌ಗಳಾಗಿ ಪರಿವರ್ತಿಸುತ್ತದೆ. ಅವು ಆಮ್ಲಗಳಾದ್ದರಿಂದ ರಕ್ತವೇ ಆಮ್ಲೀಯವಾಗುತ್ತದೆ. ಆ ಆಮ್ಲವನ್ನು ಹೊರಹಾಕಲು ದೇಹ ಮಾಡುವ ಪ್ರಯತ್ನವೇ ನೀವು ಕಂಡ ಆ ಆಳವಾದ ಏದುಸಿರು, ಹಣ್ಣಿನ ವಾಸನೆಯು ಅಸಿಟೋನಿನದು, ಹೊಟ್ಟೆನೋವು ಮತ್ತು ವಾಂತಿಗಳು ಕೂಡ ಅದರ ಫಲ. ಇದಕ್ಕೆ ಡಯಾಬಿಟಿಕ್ ಕೀಟೋಅಸಿಡೋಸಿಸ್ ಎನ್ನುತ್ತೇವೆ. ಮಕ್ಕಳಲ್ಲಿ ಹೊಟ್ಟೆನೋವು, ವಾಂತಿ ಕಂಡಾಗ ಬೆರಳ ತುದಿಯ ರಕ್ತದಲ್ಲಿ ಸಕ್ಕರೆ ನೋಡಲು ಒಂದು ನಿಮಿಷ ಸಾಕು. ಅದನ್ನು ನೋಡದೆ ಗುಳಿಗೆ ಬರೆಯುವ ಅಭ್ಯಾಸದ ಬಗ್ಗೆ ನಮ್ಮ ವೃತ್ತಿಯವರೇ ಯೋಚಿಸಬೇಕು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹೊರಗಿನಿಂದ ಇನ್ಸುಲಿನ್ ಕೊಟ್ಟು ಸಕ್ಕರೆಯನ್ನು ಹದಕ್ಕೆ ತಂದಾಗ, ಇನ್ನೂ ಉಳಿದಿರುವ ಅಲ್ಪಸ್ವಲ್ಪ ಬೀಟಾ ಜೀವಕೋಶಗಳು ಸುಧಾರಿಸಿಕೊಂಡು ಕೆಲಕಾಲ ಸ್ವಂತ ಇನ್ಸುಲಿನ್ ಕೊಡತೊಡಗುತ್ತವೆ. ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಅರ್ಧ ಯುನಿಟ್‌ಗಿಂತ ಕಡಿಮೆ ಇನ್ಸುಲಿನ್ ಸಾಕಾಗುವ ಈ ಅವಧಿಯನ್ನು ವೈದ್ಯರು ಹನಿಮೂನ್ ಹಂತ ಎಂದು ಕರೆಯುತ್ತಾರೆ. ಕೆಲವರಲ್ಲಿ ವಾರಗಳು, ಹಲವರಲ್ಲಿ ತಿಂಗಳುಗಳು, ಅಪರೂಪಕ್ಕೆ ವರ್ಷಕ್ಕೂ ಹೆಚ್ಚು ಇದು ಇರುತ್ತದೆ. ಆದರೆ ರೋಗನಿರೋಧಕ ವ್ಯವಸ್ಥೆಯ ದಾಳಿ ನಿಂತಿರುವುದಿಲ್ಲ, ಉಳಿದವೂ ಹೋಗುತ್ತವೆ, ಪ್ರಮಾಣ ಮತ್ತೆ ಏರುತ್ತದೆ. ನಾಟಿ ಔಷಧಿಯವರ ಹೆಸರು ಉಳಿಯುವುದು ಈ ಹಂತದಲ್ಲಿಯೇ: ಇನ್ಸುಲಿನ್ ಬಿಡಿಸಿದ ಕೆಲವು ದಿನ ಏನೂ ಆಗದೆ ಇರಬಹುದು, ಅಷ್ಟಕ್ಕೆ ಊರೆಲ್ಲ ಸುದ್ದಿಯಾಗುತ್ತದೆ, ಆಮೇಲೆ ಮಗು ಐಸಿಯು ಸೇರಿದ ಸುದ್ದಿ ಅಷ್ಟು ದೂರ ಹೋಗುವುದಿಲ್ಲ. ಇನ್ನೊಂದು ಮಾತು, ಹುಡುಗಿ ಮೈನೆರೆಯುವ ವಯಸ್ಸಿಗೆ ಬರುತ್ತಿದ್ದಾಳೆ. ಆಗ ಬೆಳವಣಿಗೆಯ ಹಾರ್ಮೋನುಗಳು ಇನ್ಸುಲಿನ್‌ನ ಕೆಲಸಕ್ಕೆ ಅಡ್ಡ ಬರುವುದರಿಂದ ಕಿಲೋಗೆ ಒಂದು ಯುನಿಟ್ ದಾಟಿ ಹೋಗುವುದೂ ಉಂಟು. ಕಾಯಿಲೆ ಜೋರಾಯಿತೆಂದು ಆಗ ಗಾಬರಿಯಾಗಬೇಕಿಲ್ಲ.

ಸೂಜಿಯ ಚಟ ಎಂಬ ಮಾತಿಗೆ ಉತ್ತರ ಇತಿಹಾಸದಲ್ಲಿದೆ. 1922ಕ್ಕೆ ಮುಂಚೆ ಈ ಕಾಯಿಲೆ ಬಂದ ಮಕ್ಕಳಿಗೆ ಊಟ ಕಡಿಮೆ ಮಾಡಿ, ಬಹುತೇಕ ಉಪವಾಸ ಕೆಡವಿ, ಕೆಲವು ತಿಂಗಳು ಜೀವ ಎಳೆಯುವುದೊಂದೇ ದಾರಿಯಾಗಿತ್ತು. ಆ ವರ್ಷದ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ, ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬ ಸಂಶೋಧಕರು ಗೋವಿನ ಮೇದೋಜೀರಕದಿಂದ ತೆಗೆದ ರಸವನ್ನು ಚುಚ್ಚಿದರು. ಮೊದಲ ಸಲ ಅದು ಶುದ್ಧವಾಗಿರದೆ ಹೆಚ್ಚು ಪ್ರಯೋಜನವಾಗಲಿಲ್ಲ. ಕಾಲಿಪ್ ಎಂಬ ರಸಾಯನಶಾಸ್ತ್ರಜ್ಞ ಶುದ್ಧೀಕರಿಸಿಕೊಟ್ಟ ಮೇಲೆ ಹುಡುಗ ಚೇತರಿಸಿಕೊಂಡ. ದೇಹ ತಾನೇ ತಯಾರಿಸಬೇಕಿದ್ದುದು ನಿಂತಿದೆ, ಅದನ್ನು ನಾವು ಹೊರಗಿನಿಂದ ಭರ್ತಿ ಮಾಡುತ್ತಿದ್ದೇವೆ. ಇದರಲ್ಲಿ ಚಟದ ಪ್ರಶ್ನೆಯೇ ಬರುವುದಿಲ್ಲ. ಬಾಯಲ್ಲಿ ನುಂಗಿದರೆ ಜಠರದಲ್ಲಿಯೇ ಜೀರ್ಣವಾಗಿಬಿಡುವ ಪ್ರೋಟೀನು ಅದಾದ್ದರಿಂದ ಚುಚ್ಚಬೇಕಾಗಿದೆ, ಅಷ್ಟೇ.

ಉತ್ತರ: ಕೊಪ್ಪಳದ ತಾಯಿ

ಅಣ್ಣಾವರೇ, ವೈದ್ಯರು ಹೇಳಿದ್ದಕ್ಕಿಂತ ಹೆಚ್ಚಿನದನ್ನು ಹೇಳುವಷ್ಟು ತಿಳಿದವಳು ನಾನಲ್ಲ. ನನ್ನ ಮಗನಿಗೆ ಆರನೆಯ ವಯಸ್ಸಿನಲ್ಲಿ ಇದೇ ಕಾಯಿಲೆ ಬಂತು, ಈಗ ಪಿಯುಸಿ ಓದುತ್ತಿದ್ದಾನೆ. ನಿಮ್ಮ ಅಕ್ಕನವರಿಗೆ ದಿನನಿತ್ಯದ ಕೆಲವು ಸಂಗತಿಗಳನ್ನು ತಿಳಿಸಬೇಕೆನಿಸಿತು.

ಊಟದ ವಿಷಯದಲ್ಲಿ ಮೊದಮೊದಲು ಎಲ್ಲರೂ, ಅನ್ನ ಬಿಡಿಸಿ, ಜೋಳದ ರೊಟ್ಟಿ ಎಷ್ಟು ಬೇಕಾದರೂ ಕೊಡಿ ಎನ್ನುತ್ತಾರೆ. ಅದು ಪೂರ್ತಿ ಸರಿಯಲ್ಲ. 100 ಗ್ರಾಂ ಜೋಳದ ಹಿಟ್ಟಿನಲ್ಲಿಯೂ ಸುಮಾರು 70 ಗ್ರಾಂ ಪಿಷ್ಟವಿರುತ್ತದೆ. ನಾರು ಹೆಚ್ಚಿರುವುದರಿಂದ ಸಕ್ಕರೆ ನಿಧಾನವಾಗಿ ಏರಬಹುದು, ಆದರೆ ಏರುವುದಂತೂ ಏರುತ್ತದೆ. ಆಸ್ಪತ್ರೆಯ ಆಹಾರತಜ್ಞೆ ನನಗೆ ಹೇಳಿಕೊಟ್ಟದ್ದು ಬಹಳ ಉಪಯೋಗಕ್ಕೆ ಬಂದಿದೆ: ನಮ್ಮ ಮನೆಯ ರೊಟ್ಟಿಗೆ ಎಷ್ಟು ಹಿಟ್ಟು ಹೋಗುತ್ತದೆ ಎಂಬುದನ್ನು ತಕ್ಕಡಿಯಲ್ಲಿ ತೂಗಿ ನೋಡಿಟ್ಟುಕೊಳ್ಳಬೇಕು, ಏಕೆಂದರೆ ನಾನು ಬಡಿಯುವ ರೊಟ್ಟಿಗೂ ನಮ್ಮ ಅತ್ತೆಯವರು ಬಡಿಯುವ ರೊಟ್ಟಿಗೂ ಹಿಟ್ಟಿನಲ್ಲಿ ಬಹಳ ವ್ಯತ್ಯಾಸವಿತ್ತು. ಊಟದ ಪ್ರಮಾಣ ಗೊತ್ತಿದ್ದರೆ ಇನ್ಸುಲಿನ್ ಪ್ರಮಾಣ ಹೇಳುವುದು ವೈದ್ಯರಿಗೂ ಸುಲಭ. ಸಂಜೆ ಮಂಡಕ್ಕಿ ಒಗ್ಗರಣೆ ತಿಂದರೂ ಅದು ಅಕ್ಕಿಯೇ ಎಂಬುದನ್ನು ಮರೆಯಬಾರದು. ಗವಿಮಠದ ಜಾತ್ರೆಯ ದಾಸೋಹದಲ್ಲಿ ನನ್ನ ಮಗ ಎಲ್ಲರ ಜೊತೆ ಕುಳಿತು ಮಾದಲಿಯನ್ನೂ ಉಣ್ಣುತ್ತಾನೆ. ಮೊದಲು ಸಕ್ಕರೆ ನೋಡಿಕೊಂಡು, ಅದಕ್ಕೆ ತಕ್ಕಷ್ಟು ಇನ್ಸುಲಿನ್ ಹಾಕಿಕೊಂಡು, ಒಂದು ಸೌಟಿಗೆ ನಿಲ್ಲಿಸುತ್ತಾನೆ. ಮಗುವನ್ನು ಪಂಕ್ತಿಯಿಂದ ಎಬ್ಬಿಸಬೇಡಿ, ಅದು ಮನಸ್ಸಿಗೆ ತಾಕುತ್ತದೆ.

ಸಕ್ಕರೆ ಏರುವುದಕ್ಕಿಂತ ನನಗೆ ಹೆಚ್ಚು ಭಯ ಇಳಿಯುವುದರದು. 70ಕ್ಕಿಂತ ಕೆಳಗಿಳಿದರೆ ಕೈ ನಡುಗುತ್ತದೆ, ತಣ್ಣನೆಯ ಬೆವರು ಬರುತ್ತದೆ, ಮಗು ಕಾರಣವಿಲ್ಲದೆ ಸಿಡುಕುತ್ತದೆ ಅಥವಾ ಮಂಕಾಗುತ್ತದೆ. ತಕ್ಷಣ ಮೂರು ಟೀ ಚಮಚ, ಅಂದರೆ ಸುಮಾರು 15 ಗ್ರಾಂ, ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ತೀರ ಚಿಕ್ಕ ಮಕ್ಕಳಿಗೆ ಇದಕ್ಕಿಂತ ಕಡಿಮೆ ಸಾಕು. ಚಾಕೊಲೇಟಿನಲ್ಲಿ ಕೊಬ್ಬು ಇರುವುದರಿಂದ ಅದು ತಡವಾಗಿ ಕೆಲಸ ಮಾಡುತ್ತದೆ. ಮಗು ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು, ಶ್ವಾಸನಾಳಕ್ಕೆ ಹೋಗುತ್ತದೆ. ಪಕ್ಕಕ್ಕೆ ಮಲಗಿಸಿ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಸಂಜೆ ಕಬಡ್ಡಿ, ಖೋಖೋ ಆಡಿ ಬಂದ ದಿನ ರಾತ್ರಿ ಮಲಗುವ ಮುನ್ನ ತಪ್ಪದೆ ನೋಡುತ್ತೇವೆ, ಏಕೆಂದರೆ ಆಟದ ಪರಿಣಾಮ ಮರುದಿನದವರೆಗೂ ಇರುತ್ತದೆ. ಶಾಲೆಯ ಮಾಸ್ತರರಿಗೂ ಅವಳ ಪಕ್ಕದಲ್ಲಿ ಕೂರುವ ಗೆಳತಿಗೂ ಇದನ್ನೆಲ್ಲ ಹೇಳಿಡಿ. ಗುಟ್ಟಾಗಿ ಇಡುವ ಮನೆಗಳಲ್ಲಿಯೇ ಅಪಾಯ ಹೆಚ್ಚು. ಹೆಣ್ಣು ಹುಡುಗಿ, ಮುಂದೆ ಮದುವೆ ಎಂಬ ಮಾತು ಬರುತ್ತದೆಂದು ನನಗೂ ಗೊತ್ತಿದೆ. ಆ ಮಾತಿಗಾಗಿ ಇವತ್ತಿನ ಜೀವವನ್ನು ಪಣಕ್ಕಿಡಬಾರದು ಎಂದಷ್ಟೇ ಹೇಳುತ್ತೇನೆ.

ಉತ್ತರ: ಬಳ್ಳಾರಿಯ ಔಷಧಿ ಅಂಗಡಿಯವ

ಅಂಗಡಿಯಲ್ಲಿ ನಿಂತು ದಿನಾಲೂ ಕಾಣುವ ಎರಡು ವಿಷಯಗಳನ್ನು ಸೇರಿಸುತ್ತೇನೆ, ಎರಡೂ ಸಣ್ಣವೆಂದು ತೋರಿದರೂ ಪ್ರಾಣಕ್ಕೆ ಸಂಬಂಧಿಸಿದವು.

ನಮ್ಮ ದೇಶದಲ್ಲಿ ಬಾಟಲಿಯಲ್ಲಿ ಬರುವ ಇನ್ಸುಲಿನ್ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 40 ಯುನಿಟ್‌ನದು, ಇನ್ಸುಲಿನ್ ಚುಚ್ಚುವ ಪೆನ್ನಿನ ಕಾರ್ಟ್ರಿಜ್ (ಒಳಗೆ ಹಾಕುವ ಔಷಧಿ ತುಂಬಿದ ಕೊಳವೆ) ಒಂದು ಮಿಲಿಲೀಟರಿಗೆ 100 ಯುನಿಟ್‌ನದು. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರ ಸಿರಿಂಜಿಗೆ ಕಿತ್ತಳೆ ಬಣ್ಣದ ಮುಚ್ಚಳ ಇರುತ್ತದೆ. ಪೆನ್ನಿನ ಸೂಜಿ ಮುಗಿದಿದೆ ಎಂದು ಕಾರ್ಟ್ರಿಜ್‌ನಿಂದ ಕೆಂಪು ಮುಚ್ಚಳದ ಸಿರಿಂಜಿಗೆ ಎಳೆದುಕೊಂಡರೆ, 10 ಯುನಿಟ್ ಎಂದು ಗೆರೆ ನೋಡಿ ಚುಚ್ಚಿದ್ದು ನಿಜವಾಗಿ 25 ಯುನಿಟ್ ಆಗಿರುತ್ತದೆ. ದಿನಕ್ಕೆ 9 ಯುನಿಟ್ ಪಡೆಯುತ್ತಿರುವ ಹುಡುಗಿಗೆ ಇದು ಎಂಥ ಅಪಾಯವೆಂದು ನೀವೇ ಊಹಿಸಬಹುದು. ಪ್ರತಿ ಸಲ ಕೊಳ್ಳುವಾಗ ಬಾಟಲಿಯ ಮೇಲಿನ ಅಂಕಿಯನ್ನೂ ಸಿರಿಂಜಿನ ಅಂಕಿಯನ್ನೂ ಅಂಗಡಿಯಲ್ಲಿಯೇ ಹೊಂದಿಸಿ ನೋಡಿ. ಅಂಗಡಿಯವರು ಅವಸರ ಮಾಡಿದರೂ ನೀವು ಮಾಡಬೇಡಿ.

ಎರಡನೆಯದು ನಮ್ಮ ಬಿಸಿಲು. ಬೇಸಿಗೆಯಲ್ಲಿ ರಾಯಚೂರು, ಬಳ್ಳಾರಿಗಳಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ, ಅಂದರೆ ಫ್ರಿಜ್ಜಿನ ಬಾಗಿಲ ಕಡೆ ಇರಬೇಕು. ಬರ್ಫದ ಖಾನೆಯಲ್ಲಿ ಇಟ್ಟು ಹೆಪ್ಪುಗಟ್ಟಿದರೆ ಆಮೇಲೆ ಅದು ಕರಗಿದರೂ ಬಳಸುವಂತಿಲ್ಲ. ತೆರೆದದ್ದು ಸುಮಾರು ನಾಲ್ಕು ವಾರ ಹೊರಗೆ ಇರಬಲ್ಲದು, ಆದರೆ ಅದು 25ರಿಂದ 30 ಡಿಗ್ರಿಯ ಒಳಗಿನ ಮಾತು, ನಮ್ಮ ಏಪ್ರಿಲ್ ತಿಂಗಳ ತಗಡಿನ ಮನೆಯ ಮಾತಲ್ಲ. ಫ್ರಿಜ್ ಇಲ್ಲದ ಅಥವಾ ಕರೆಂಟ್ ನಿಲ್ಲದ ಹಳ್ಳಿಗಳಲ್ಲಿ, ದೊಡ್ಡ ಮಣ್ಣಿನ ಗಡಿಗೆಯೊಳಗೆ ಚಿಕ್ಕದೊಂದನ್ನು ಇಟ್ಟು ನಡುವೆ ಉಸುಕು ತುಂಬಿ, ಉಸುಕನ್ನು ಸದಾ ಒದ್ದೆಯಾಗಿಟ್ಟು, ಒಳಗಿನ ಗಡಿಗೆಯಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇನ್ಸುಲಿನ್ ಇಟ್ಟು ಗಾಳಿಯಾಡುವ ನೆರಳಿನಲ್ಲಿ ಇಡುವುದು ಒಳ್ಳೆಯ ಉಪಾಯ. ನೀರು ಆರುವಾಗ ಒಳಗೆ ತಂಪಾಗುತ್ತದೆ. ಪ್ರಮಾಣ ಸರಿಯಿದ್ದೂ ಸಕ್ಕರೆ ಇಳಿಯದಿದ್ದರೆ ಬಿಸಿಲಿಗೆ ಕೆಟ್ಟ ಇನ್ಸುಲಿನ್ ಇರಬಹುದೇ ಎಂದು ಮೊದಲು ಸಂಶಯಪಡಿ. ಆಮೇಲೆ ಚುಚ್ಚುವ ಜಾಗವನ್ನು ಬೆರಳಿನಿಂದ ಸವರಿ ನೋಡಿ. ಒಂದೇ ಕಡೆ ಚುಚ್ಚುತ್ತಿದ್ದರೆ ಚರ್ಮದ ಕೆಳಗೆ ಮೆತ್ತನೆಯ ಗಂಟು ಎದ್ದು, ಅಲ್ಲಿಂದ ಇನ್ಸುಲಿನ್ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಮಕ್ಕಳು ನೋವಾಗುವುದಿಲ್ಲವೆಂದು ಆ ಗಂಟಿನ ಮೇಲೆಯೇ ಚುಚ್ಚಿಸಿಕೊಳ್ಳಲು ಇಷ್ಟಪಡುತ್ತಾರೆ.

ಮರುಪ್ರಶ್ನೆ: ಸಿಂಧನೂರಿನ ಸೋದರಮಾವ

ಮೂವರಿಗೂ ಕೃತಜ್ಞತೆಗಳು. ಅಕ್ಕ ಮತ್ತು ಭಾವ ಇಬ್ಬರನ್ನೂ ಕೂರಿಸಿಕೊಂಡು ಎಲ್ಲವನ್ನೂ ಓದಿ ಹೇಳಿದೆ. ಇನ್ಸುಲಿನ್ ಬಿಡಿಸುವ ಮಾತನ್ನು ಭಾವನೇ ನಿಲ್ಲಿಸಿದ. ಇನ್ನೆರಡು ಸಂಶಯಗಳಿವೆ. ಜ್ವರ ಬಂದು ಏನೂ ಉಣ್ಣದ ದಿನ ಇನ್ಸುಲಿನ್ ಬಿಡಬಹುದಲ್ಲವೇ? ಮತ್ತು ಅವಳ ತಮ್ಮನಿಗೆ 7 ವರ್ಷ, ಅವನಿಗೂ ಈಗಲೇ ಪರೀಕ್ಷೆ ಮಾಡಿಸಬೇಕೇ? ಕಣ್ಣು ಹೋಗುತ್ತದೆ, ಕಿಡ್ನಿ ಹೋಗುತ್ತದೆ ಎಂದು ಹೆದರಿಸುವವರೂ ಇದ್ದಾರೆ.

ಉತ್ತರ: ಮಾನ್ವಿ ಕಡೆಯ ಮಕ್ಕಳ ವೈದ್ಯ

ಜ್ವರದ ದಿನ ಉಣ್ಣದಿದ್ದರೂ ಇನ್ಸುಲಿನ್ ಬೇಕೇ ಬೇಕು. ಅನಾರೋಗ್ಯದಲ್ಲಿ ದೇಹವು ಅಡ್ರಿನಲಿನ್, ಕಾರ್ಟಿಸಾಲ್‌ಗಳನ್ನು ಹೆಚ್ಚು ಬಿಡುವುದರಿಂದ ಯಕೃತ್ತು ತಾನೇ ಸಕ್ಕರೆ ಸುರಿಸುತ್ತದೆ, ಕೀಟೋನ್ ಬೇಗ ಏರುತ್ತದೆ. ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ನನ್ನು ಎಂದೂ ಬಿಡಬಾರದು. ಊಟಕ್ಕೆ ಹಾಕುವುದನ್ನು ಎಷ್ಟು ಕಡಿಮೆ ಮಾಡಬೇಕು ಅಥವಾ ಹೆಚ್ಚಿಸಬೇಕು ಎಂಬುದನ್ನು ನಿಮ್ಮ ವೈದ್ಯರಿಗೆ ಫೋನ್ ಮಾಡಿ ಕೇಳಿ. ಎರಡು ಮೂರು ಗಂಟೆಗೊಮ್ಮೆ ಸಕ್ಕರೆ ನೋಡಿ, ಮೂತ್ರದ ಕೀಟೋನ್ ಪಟ್ಟಿಯ ಡಬ್ಬಿ ಮನೆಯಲ್ಲಿರಲಿ, ನೀರು, ಅಂಬಲಿ, ಮಜ್ಜಿಗೆ ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತಿರಿ. ವಾಂತಿ ನಿಲ್ಲದಿದ್ದರೆ, ಕೀಟೋನ್ ಹೆಚ್ಚು ತೋರಿಸಿದರೆ ಅಥವಾ ಉಸಿರಾಟ ಮೊದಲಿನಂತೆ ಆಳವಾದರೆ ಮನೆಯಲ್ಲಿ ಕಾಯದೆ ರಾಯಚೂರಿಗೆ ಹೊರಡಿ. ಉಪವಾಸ ವ್ರತಗಳಿಗೂ ಇದೇ ಮಾತು, ಸೋಮವಾರ ಹಿಡಿಯಬೇಕೆಂದಿದ್ದರೆ ವೈದ್ಯರನ್ನು ಕೇಳದೆ ಹಿಡಿಸಬೇಡಿ.

ಕಣ್ಣು, ಕಿಡ್ನಿಯ ಮಾತಿನಲ್ಲಿ ಅರ್ಧ ಸತ್ಯವಿದೆ. ವರ್ಷಗಟ್ಟಲೆ ಹೆಚ್ಚಾಗಿಯೇ ಉಳಿದ ಸಕ್ಕರೆ ಸಣ್ಣ ರಕ್ತನಾಳಗಳನ್ನು ಕೆಡಿಸುತ್ತದೆ. ಆದರೆ 1993ರಲ್ಲಿ ಪ್ರಕಟವಾದ, ಟೈಪ್ 1 ಇರುವ 1,441 ಮಂದಿಯ ಮೇಲೆ ಅಮೆರಿಕ ಮತ್ತು ಕೆನಡಾದಲ್ಲಿ ನಡೆದ ದೊಡ್ಡ ಅಧ್ಯಯನವು, ಸಕ್ಕರೆಯನ್ನು ಬಿಗಿಯಾಗಿ ಹದದಲ್ಲಿಟ್ಟವರಲ್ಲಿ ಕಣ್ಣಿನ ತೊಂದರೆ ಹೊಸದಾಗಿ ಕಾಣಿಸುವ ಸಂಭವ ಶೇ. 76ರಷ್ಟು ತಗ್ಗಿತೆಂದು ತೋರಿಸಿತು. ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆಯನ್ನು ಮೂರು ತಿಂಗಳಿಗೊಮ್ಮೆ ಮಾಡಿಸಿ, ಅದು ಶೇ. 7ರ ಆಸುಪಾಸಿನಲ್ಲಿರಲಿ. ಕಾಯಿಲೆಗೆ ಮೂರರಿಂದ ಐದು ವರ್ಷವಾದಾಗ ಕಣ್ಣಿನ ಪರದೆಯ ಪರೀಕ್ಷೆಯನ್ನೂ ಮೂತ್ರದ ಅಲ್ಬುಮಿನ್ ಪರೀಕ್ಷೆಯನ್ನೂ ಆರಂಭಿಸುತ್ತಾರೆ. ಥೈರಾಯ್ಡ್ ಪರೀಕ್ಷೆ ಮಾತ್ರ ಈಗಲೇ ಮಾಡಿಸಿ, ಏಕೆಂದರೆ ಇದೇ ಬಗೆಯ ದಾಳಿ ಆ ಗ್ರಂಥಿಯ ಮೇಲೂ ನಡೆಯಬಹುದು. ಗೋಧಿಯ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯೂ ಇಂತಹ ಮಕ್ಕಳಲ್ಲಿ ತುಸು ಹೆಚ್ಚು. ಆ ವಿಷಯದಲ್ಲಿ ನಮ್ಮ ಕಡೆಯವರು ಪುಣ್ಯವಂತರು, ಜೋಳದಲ್ಲಿ ಗ್ಲುಟೆನ್ ಇಲ್ಲ.

ತಮ್ಮನಿಗೆ ಬರುವ ಸಂಭವ ಬೇರೆ ಮಕ್ಕಳಿಗಿಂತ ಹೆಚ್ಚು ನಿಜ, ಆದರೂ ಬರದೇ ಇರುವ ಸಂಭವವೇ ಬಹಳ ದೊಡ್ಡದು. ದಾಳಿ ಶುರುವಾಗಿದೆಯೇ ಎಂದು ಹೇಳುವ ಪ್ರತಿಕಾಯಗಳ ರಕ್ತಪರೀಕ್ಷೆ ಇದೆ, ಕಾಯಿಲೆ ಕಾಣಿಸುವುದನ್ನು ಸರಾಸರಿ ಎರಡು ವರ್ಷದಷ್ಟು ಮುಂದೂಡುವ ಟೆಪ್ಲಿಜುಮ್ಯಾಬ್ ಎಂಬ ಔಷಧಿಗೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆಯೂ ಸಿಕ್ಕಿದೆ. ಆ ಪರೀಕ್ಷೆ ಬೇಕೇ ಎಂಬುದನ್ನು ಹುಡುಗಿಯನ್ನು ನೋಡುತ್ತಿರುವ ವೈದ್ಯರೊಂದಿಗೆ ಮಾತನಾಡಿ ತೀರ್ಮಾನಿಸಿ. ಅದಕ್ಕಿಂತ ಮುಖ್ಯವಾದದ್ದು, ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಹುಡುಗ ಮತ್ತೆ ಮಾಡತೊಡಗಿದರೆ, ನೀರಿಗೆ ಹಾತೊರೆದರೆ, ಸೊರಗಿದರೆ, ಅಕ್ಕನ ಗ್ಲುಕೋಮೀಟರಿನಲ್ಲಿಯೇ ಹೊಸ ಸೂಜಿಯಿಂದ ಒಂದು ಹನಿ ರಕ್ತ ನೋಡಿ. 200 ದಾಟಿದ್ದರೆ ಬೆಳಗಾಗಲೆಂದು ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.